ಕುರಿಯ ತೊಡೆ ಬೇಯಿಸುವುದು: ತಪ್ಪು ಕಲ್ಪನೆ ಮತ್ತು ಸತ್ಯ

ಕುರಿಯ ಹಿಂಗಾಲಿನ ತೊಡೆಯಲ್ಲಿ ಎರಡು ಬಗೆಯ ಮಾಂಸವಿದೆ. ಮೇಲ್ಭಾಗದ ದಪ್ಪ ಸ್ನಾಯುಗಳಲ್ಲಿ ನಾರು ಕಡಿಮೆ. ಮೊಣಕಾಲಿನ ಕೆಳಗಿನ ಭಾಗ ಸದಾ ದುಡಿಯುವುದರಿಂದ ಅಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಪ್ರಾಣಿಯ ವಯಸ್ಸು ಏರಿದಂತೆ ಈ ನಾರು ಇನ್ನಷ್ಟು ಬಿಗಿಯಾಗುತ್ತದೆ. ಹೀಗಾಗಿ ವರ್ಷ ತುಂಬದ ಮರಿಯ ತೊಡೆಗೆ ಒಪ್ಪುವ ವಿಧಾನ ಬಲಿತ ಟಗರಿನ ತೊಡೆಗೆ ಒಪ್ಪುವುದಿಲ್ಲ. ತೊಡೆಯ ಅಡುಗೆಯ ಬಗೆಗಿನ ಹಲವು ತಪ್ಪು ಕಲ್ಪನೆಗಳು ಈ ವ್ಯತ್ಯಾಸವನ್ನು ಮರೆತು ಹುಟ್ಟಿದವು.

ಕಲ್ಪನೆ: ಆಗತಾನೇ ಕಡಿದ ಮಾಂಸವೇ ಹೆಚ್ಚು ಮೃದು.
ಸತ್ಯ: ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಬೆಳಿಗ್ಗೆ ಕಡಿದದ್ದನ್ನು ಮಧ್ಯಾಹ್ನಕ್ಕೆ ಬೇಯಿಸಿದರೆ ಅದು ಈ ಬಿಗಿತದ ಹೊತ್ತಿಗೇ ಒಲೆ ಸೇರಬಹುದು. ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟರೆ ಮಾಂಸದೊಳಗಿನ ಕಿಣ್ವಗಳೇ ಸ್ನಾಯುವಿನ ಎಳೆಗಳನ್ನು ಸಡಿಲಿಸುತ್ತವೆ. ಆದರೆ ಕಡಿದ ಕೂಡಲೇ ಫ್ರೀಜರಿಗೆ ಸೇರಿಸಿದರೆ ಎಳೆಗಳು ಕುಗ್ಗಿ ಮಾಂಸ ಗಡುಸಾಗುತ್ತದೆ.

ಕಲ್ಪನೆ: ಕೆಂಪು ನೀರು ರಕ್ತ, ಅದು ಹೋಗುವವರೆಗೂ ತೊಳೆಯಬೇಕು.
ಸತ್ಯ: ಕಡಿಯುವಾಗಲೇ ರಕ್ತದ ಬಹುಪಾಲು ಹರಿದುಹೋಗಿರುತ್ತದೆ. ತಟ್ಟೆಯಲ್ಲಿ ಕಾಣುವುದು ಸ್ನಾಯುವಿನ ನೀರು. ಅದಕ್ಕೆ ಬಣ್ಣ ಕೊಡುವುದು ಮಯೋಗ್ಲೋಬಿನ್ ಎಂಬ ಪ್ರೋಟೀನ್. ತೊಳೆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಿಡಿದ ಹನಿಗಳ ಜೊತೆ ಸಿಂಕಿಗೂ ಪಕ್ಕದ ಪಾತ್ರೆಗಳಿಗೂ ಹರಡುತ್ತದೆ. ಮೂಳೆಯ ಚೂರು, ಕೂದಲು ಅಂಟಿದ್ದರೆ ಒದ್ದೆ ಕಾಗದದಿಂದ ಒರೆಸಿ ತೆಗೆದರೆ ಸಾಕು. ಕುರಿಯ ವಿಶಿಷ್ಟ ವಾಸನೆಯ ಮೂಲ ಹೆಚ್ಚಾಗಿ ನೆಣದಲ್ಲಿದೆ. ಅದು ಬೇಡವಾದವರು ನೆಣವನ್ನು ಕತ್ತರಿಸಿ ತೆಗೆಯಬೇಕು, ನೀರಿನಿಂದ ಅದು ಹೋಗದು.

ಕಲ್ಪನೆ: ರಾತ್ರಿಯಿಡೀ ನೆನೆಸಿದರೆ ಮಸಾಲೆ ಮೂಳೆಯವರೆಗೂ ಇಳಿಯುತ್ತದೆ.
ಸತ್ಯ: ಅರಿಸಿನ, ಖಾರದಪುಡಿ, ಬೆಳ್ಳುಳ್ಳಿಯ ಸತ್ವ ಕೆಲವೇ ಮಿಲಿಮೀಟರ್ ಒಳಗೆ ಹೋಗುತ್ತದೆ. ನಿಧಾನವಾಗಿಯಾದರೂ ಆಳಕ್ಕೆ ಇಳಿಯುವುದು ಉಪ್ಪು. ಮೊದಲೇ ಉಪ್ಪು ಹಾಕಿದರೆ ಮಾಂಸ ಗಟ್ಟಿಯಾಗುತ್ತದೆ ಎಂಬ ಮಾತೂ ನಿಜವಲ್ಲ. ಹಿಂದಿನ ದಿನವೇ ಸವರಿದ ಉಪ್ಪು ಮಾಂಸ ತನ್ನ ನೀರನ್ನು ಹಿಡಿದುಕೊಳ್ಳಲು ನೆರವಾಗುತ್ತದೆ. ಮಸಾಲೆ ಒಳಗೆ ಸೇರಬೇಕಾದರೆ ಚಾಕುವಿನಿಂದ ಆಳವಾದ ಗೀರುಗಳನ್ನು ಹಾಕಿ ತುಂಬುವುದೇ ದಾರಿ. ಪರಂಗಿಕಾಯಿಯ ಪಪೈನ್ ಕಿಣ್ವ ಕೂಡ ಮೇಲ್ಮೈಯಲ್ಲೇ ಕೆಲಸ ಮಾಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೊರಪದರ ಹಿಟ್ಟಿನಂತಾಗಿ ನಡುಭಾಗ ಇದ್ದಂತೆಯೇ ಉಳಿಯುತ್ತದೆ.

ಕಲ್ಪನೆ: ಮೊದಲು ಹುರಿದರೆ ರಸ ಒಳಗೇ ಉಳಿಯುತ್ತದೆ.
ಸತ್ಯ: ಈ ಮಾತು ಹಬ್ಬಿದ್ದು 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಅವರ ವಿವರಣೆಯಿಂದ. ಹುರಿದ ಪದರ ನೀರನ್ನು ತಡೆಯುವುದಿಲ್ಲ. ಬಾಣಲೆಯಲ್ಲಿ ಚುರುಚುರು ಸದ್ದು ನಿಲ್ಲದಿರುವುದೇ ನೀರು ಹೊರಬರುತ್ತಿರುವುದಕ್ಕೆ ಸಾಕ್ಷಿ. ಹುರಿಯುವುದರ ನಿಜವಾದ ಲಾಭ ರುಚಿ. ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳು ಕೂಡಿ ಕಂದು ಬಣ್ಣ, ಘಮ ಬೇಗ ಮೂಡುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಮೈಯಾರ್ ಕ್ರಿಯೆ ಎನ್ನುತ್ತಾರೆ. ಆದ್ದರಿಂದ ಮೊದಲಿಗೆ ಹುರಿದರೂ ಕೊನೆಯಲ್ಲಿ ಹುರಿದರೂ ಆದೀತು.

ಕಲ್ಪನೆ: ಗುಲಾಬಿ ಬಣ್ಣ ಕಂಡರೆ ಬೆಂದಿಲ್ಲ ಎಂದರ್ಥ.
ಸತ್ಯ: ಬಣ್ಣವನ್ನು ನಂಬುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಇಡೀ ತೊಡೆಯ ನಡುಭಾಗ 63 ಡಿಗ್ರಿ ಮುಟ್ಟಿ, ಮೂರು ನಿಮಿಷ ಹಾಗೇ ಬಿಟ್ಟರೆ ತಿನ್ನಲು ಸುರಕ್ಷಿತ. ಕೈಮಾಗೆ 71 ಡಿಗ್ರಿ ಬೇಕು. ಎಳೆಮರಿಯ ತೊಡೆಯನ್ನು ಓವನ್‌ನಲ್ಲಿ ಸುಡುವಾಗ 63 ಡಿಗ್ರಿಯಲ್ಲಿ ನಿಲ್ಲಿಸಿದರೆ ಮಾಂಸ ರಸಭರಿತವಾಗಿರುತ್ತದೆ. ಥರ್ಮಾಮೀಟರಿನ ಮೊನೆ ಮೂಳೆಗೆ ತಾಗಬಾರದು.

ಕಲ್ಪನೆ: ಹೆಚ್ಚು ಬೆಂದಷ್ಟೂ ಮಾಂಸ ಗಡುಸಾಗುತ್ತದೆ.
ಸತ್ಯ: ಇದು ಅರ್ಧ ಮಾತ್ರ ನಿಜ. 65 ಡಿಗ್ರಿಯಿಂದಾಚೆ ಸ್ನಾಯುಗಳು ಹಿಂಡಿಕೊಂಡು ನೀರು ಬಿಡುತ್ತವೆ, ಮಾಂಸ ಒಣಗುತ್ತದೆ. ಆದರೆ 70 ಡಿಗ್ರಿ ದಾಟಿದ ಮೇಲೆ ಕೊಲಾಜೆನ್ ಕರಗಿ ಜಿಲಾಟಿನ್ ಆಗತೊಡಗುತ್ತದೆ. ಗಂಟೆಗಟ್ಟಲೆ ಕಡಿಮೆ ಉರಿಯಲ್ಲಿ ಬೇಯಿಸಿದ ಟಗರಿನ ತೊಡೆ ಮೂಳೆಯಿಂದ ಕಳಚಿ ಬರುವುದು ಹೀಗೆ. ಮಾಂಸ ಗಡುಸಾಗಿ ಕಂಡಾಗ ಒಲೆ ಆರಿಸುವುದು ಸಾಮಾನ್ಯ ತಪ್ಪು. ಬಲಿತ ಮಾಂಸಕ್ಕೆ ಆಗ ಬೇಕಾದದ್ದು ಇನ್ನಷ್ಟು ಹೊತ್ತು.

ಕಲ್ಪನೆ: ಇಷ್ಟು ಸೀಟಿ ಹೊಡೆದರೆ ಬೆಂದಂತೆ.
ಸತ್ಯ: ಸೀಟಿಯ ಎಣಿಕೆ ಉರಿ, ನೀರಿನ ಪ್ರಮಾಣ, ಕುಕ್ಕರಿನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ ನಿಮಿಷ ಎಣಿಸುವುದು ಸರಿಯಾದ ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ; ಒತ್ತಡದಲ್ಲಿರುವ ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಬಲಿತ ತೊಡೆಯ ನಾರು ಬೇಗ ಕರಗುತ್ತದೆ. ಎಳೆಮರಿಗೆ ಅಷ್ಟು ಶಾಖ ಬೇಕಿಲ್ಲ.