ಮೊದಲು ನಾಲೆ ನೋಡಿ, ಆಮೇಲೆ ಗಾಳ ಕಟ್ಟಿ

ದಕ್ಷಿಣ ಫ್ಲಾರಿಡಾದ ನಾಲೆಗಳು ಗದ್ದೆಗೆ ನೀರು ಕೊಡಲೆಂದು ತೋಡಿದವಲ್ಲ, ಊರಿನಿಂದ ನೀರು ಹೊರಗೆ ಹಾಕಲು ತೋಡಿದವು. ವಿಶ್ವೇಶ್ವರಯ್ಯ ನಾಲೆಯ ದಂಡೆಯ ಮೇಲೆ ನೌಕರಿ ಮುಗಿಸಿ ಬಂದ ನನಗೆ ಇದು ತಲೆಗೆ ಹತ್ತಲು ಸ್ವಲ್ಪ ಕಾಲ ಬೇಕಾಯಿತು. ಮಂಡ್ಯದಲ್ಲಿ ಕೊನೇ ಭಾಗದ ರೈತರು ನೀರು ಬರಲಿಲ್ಲವೆಂದು ಗೇಟಿನ ಮುಂದೆ ಧರಣಿ ಕೂರುತ್ತಾರೆ. ಇಲ್ಲಿಯವರ ಗಾಬರಿ ನೀರು ಹೋಗಲಿಲ್ಲವಲ್ಲ ಎಂಬುದು. 1947ರಲ್ಲಿ ಎರಡು ಚಂಡಮಾರುತಗಳು ಒಂದರ ಹಿಂದೆ ಒಂದು ಬಂದು ಊರೂರೇ ಮುಳುಗಿದ ಮೇಲೆ, 1948ರಲ್ಲಿ ಅಮೆರಿಕದ ಕಾಂಗ್ರೆಸ್ ದೊಡ್ಡದೊಂದು ನೆರೆ ನಿಯಂತ್ರಣ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗ ಇಲ್ಲಿನ ಜಲ ನಿರ್ವಹಣಾ ಸಂಸ್ಥೆಯ ಕೈಯಲ್ಲಿ 2,000 ಮೈಲಿಗೂ ಮೀರಿ ನಾಲೆಗಳಿವೆ. ನಮ್ಮ ನಾಲೆಗಳಂತೆ ಕಟ್ಟು ಪದ್ಧತಿಯಲ್ಲಿ ಇವು ಒಣಗುವುದಿಲ್ಲ. ವರ್ಷವಿಡೀ ನೀರು ನಿಂತಿರುತ್ತದೆ. ನೀರು ನಿಂತ ಮೇಲೆ ಮೀನು ನೆಲೆಸದೆ ಇರುತ್ತದೆಯೇ?

ಮಗಳ ಮನೆ ಬ್ರೋವರ್ಡ್ ಕೌಂಟಿಯಲ್ಲಿ. ಹಿತ್ತಲ ಬೇಲಿ ದಾಟಿದರೆ ನಾಲೆ. ಅಳಿಯನ ಬಳಿ ಲೂರ್‌ಗಳದೇ, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಎರೆಗಳದೇ, ಒಂದು ಪೆಟ್ಟಿಗೆಯಿದೆ. ಪ್ಲಾಸ್ಟಿಕ್ ಹುಳು, ರಬ್ಬರ್ ಕಪ್ಪೆ, ಮರದ ಮೀನು, ಬೆಳ್ಳಿಯ ಬಣ್ಣದ ತಗಡು ಎಲ್ಲವೂ ಇವೆ. "ಮಾವ, ಇವತ್ತು ಯಾವುದು ಕಟ್ಟಲಿ?" ಎಂದು ಕೇಳಿದರೆ ನನ್ನದು ಒಂದೇ ಉತ್ತರ: "ಮೊದಲು ನೀರು ನೋಡೋಣ ನಡೀರಿ." ನಾಲೆಯಲ್ಲಿ ಲೂರ್ ಆರಿಸುವುದು ನಾವಲ್ಲ, ಜಾಗ. ಅಂಗಡಿಯವನು ಈ ಮಾತು ಹೇಳುವುದಿಲ್ಲ.

ಜಾಗದ ಮಾತಿಗೆ ಮೊದಲು ಮೀನಿನ ಮಾತು. ಇಲ್ಲಿ ಬಾಸ್ ಮೀನೆಂದರೆ ಎರಡು ಬಗೆ. ಮೊದಲನೆಯದು ಈ ನೆಲದ್ದೇ ಆದ ಲಾರ್ಜ್‌ಮೌತ್. ಬಾಯಿ ಕಣ್ಣಿನ ಹಿಂದಕ್ಕೂ ಸೀಳಿರುತ್ತದೆ. ನೆರಳಲ್ಲಿ, ಜೊಂಡಿನಲ್ಲಿ ಅವಿತು ಹೊಂಚು ಹಾಕುತ್ತದೆ. ಮುಂಜಾವು, ಮುಸ್ಸಂಜೆ ಅದರ ಹೊತ್ತು. ಎರಡನೆಯದು ದಕ್ಷಿಣ ಅಮೆರಿಕದಿಂದ ತಂದ ಪೀಕಾಕ್ ಬಾಸ್. ಬಾಲದ ಬುಡದಲ್ಲಿ ನವಿಲುಗಣ್ಣಿನಂಥ ಚುಕ್ಕೆಯಿದೆ. ಹೆಸರಿಗೆ ಬಾಸ್ ಆದರೂ ನಮ್ಮ ಕೆರೆಗಳ ಜಿಲೇಬಿ ಮೀನಿನ ಕುಲದ್ದು. ತಮಾಷೆಯೆಂದರೆ ಅದನ್ನು ತಂದದ್ದೂ ಜಿಲೇಬಿಯ ದೆಸೆಯಿಂದಲೇ. ಆಫ್ರಿಕಾದ ಚುಕ್ಕೆ ಟಿಲಾಪಿಯಾ ನಾಲೆ ತುಂಬ ಹಬ್ಬಿದಾಗ, ಅದನ್ನು ತಿಂದು ತಗ್ಗಿಸಲೆಂದು 1984ರಲ್ಲಿ ರಾಜ್ಯದ ಮೀನುಗಾರಿಕೆ ಆಯೋಗವೇ ಪೀಕಾಕ್ ಬಾಸ್ ಬಿಟ್ಟಿತು. ಇದು ಹಗಲು ಬೇಟೆಗಾರ. ಕಣ್ಣಿಂದ ಬೇಟೆಯಾಡುತ್ತದೆ, ರಾತ್ರಿ ಮಲಗುತ್ತದೆ. ಚಳಿಯನ್ನಂತೂ ತಾಳದು. ನೀರು 15 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾದರೆ ಸಾಯುತ್ತದೆ. 2010ರ ಜನವರಿಯ ಶೀತಗಾಳಿಗೆ ರಾಶಿ ರಾಶಿ ಸತ್ತವು.

ಇನ್ನು ಜಾಗ. ಈ ನಾಲೆಗಳನ್ನು ಸುಣ್ಣಕಲ್ಲು ಕತ್ತರಿಸಿ ತೆಗೆದಿದ್ದಾರೆ. ಎರಡೂ ಬದಿ ಗೋಡೆಯಂತೆ ನೇರ, ಮಧ್ಯೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ನೋಡಿದರೆ ಮೈಲಿಗಟ್ಟಲೆ ಒಂದೇ ರೂಪ. ಹೊಸಬರು ನಡು ನಾಲೆಗೆ ಬೀಸಿ ಬೀಸಿ ಕೈ ನೋಯಿಸಿಕೊಳ್ಳುತ್ತಾರೆ. ಮೀನಿರುವುದು ಅಂಚಿನಲ್ಲಿ, ಅಂದರೆ ನಿಮ್ಮ ಕಾಲ ಬುಡದಲ್ಲೇ. ಆದ್ದರಿಂದ ಅಡ್ಡಕ್ಕೆ ಎಸೆಯದೆ ದಂಡೆಯ ಗುಂಟ ಎಸೆಯಬೇಕು. ಆಗ ಲೂರ್ ಎಳೆದಷ್ಟು ಉದ್ದಕ್ಕೂ ಮೀನಿನ ಕಣ್ಣೆದುರೇ ಸಾಗುತ್ತದೆ.

ಒಂದೇ ರೂಪದ ನಾಲೆಯಲ್ಲಿ ಆ ರೂಪ ಎಲ್ಲಿ ಕೆಡುತ್ತದೆಯೋ ಅಲ್ಲಿ ನಿಲ್ಲಬೇಕು. ರಸ್ತೆಯ ಸೇತುವೆ, ಮೋರಿಯ ಬಾಯಿ, ಎರಡು ನಾಲೆ ಕೂಡುವ ಮೂಲೆ, ನಾಲೆ ಮುಗಿಯುವ ತುದಿ, ನೀರಿಗೆ ಬಿದ್ದ ಮರ. ಸೇತುವೆಯ ಕೆಳಗೆ ನೆರಳಿರುತ್ತದೆ. ನಡುಮಧ್ಯಾಹ್ನದಲ್ಲೂ ಲಾರ್ಜ್‌ಮೌತ್ ಅಲ್ಲಿ ಸಿಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಮೋರಿಯಿಂದ ಹುಳುಹುಪ್ಪಟೆ, ಮರಿಮೀನು ಹರಿದು ಬರುತ್ತವೆ. ದೊಡ್ಡವು ಬಾಯಿ ತೆರೆದು ಕಾಯುತ್ತಿರುತ್ತವೆ.

ನನ್ನ ಮೆಚ್ಚಿನ ಜಾಗ ಮಾತ್ರ ಗೇಟು. ಹಳೇ ಚಾಳಿ ಎನ್ನಿ. ಗೇಟು ಮುಚ್ಚಿದ್ದಾಗ ಅಲ್ಲಿ ಏನೂ ಇಲ್ಲದಂತೆ ಕಾಣುತ್ತದೆ. ಎತ್ತಿದ ಮೇಲೆ ಕೆಳಭಾಗದ ನೀರಿಗೆ ಜೀವ ಬರುತ್ತದೆ. ಮೀನುಗಳೆಲ್ಲ ಹರಿವಿಗೆ ಮುಖ ಮಾಡುತ್ತವೆ. ಆಗ ಲೂರನ್ನು ಹರಿವಿನ ಮೇಲಕ್ಕೆ ಎಸೆದು, ನೀರಿನ ಜೊತೆಗೇ ಕೆಳಗೆ ಬರುವ ಹಾಗೆ ಎಳೆಯಬೇಕು. ಹರಿವಿಗೆ ಎದುರಾಗಿ ಈಜುವ ಮರಿಮೀನನ್ನು ಯಾವ ಬಾಸೂ ನಂಬದು. ಗೇಟಿನ ಮುಂದಿನ ತಡೆಬೇಲಿ ದಾಟಬೇಡಿ. ಎತ್ತಿದ ಗೇಟಿನ ಸೆಳೆತ ಏನು ಮಾಡುತ್ತದೆಂದು ನಾನು ನೌಕರಿಯಲ್ಲಿ ಕಂಡಿದ್ದೇನೆ. ಸಮುದ್ರದ ಹತ್ತಿರದ ಗೇಟುಗಳು ಉಪ್ಪುನೀರು ಒಳನುಗ್ಗದಂತೆ ತಡೆಯುತ್ತವೆ. ಅವುಗಳ ಆಚೆ ಬದಿಯಲ್ಲಿ ಬಾಸ್ ಹುಡುಕಿ ಪ್ರಯೋಜನವಿಲ್ಲ, ಅದು ಕಡಲ ಮೀನಿನ ರಾಜ್ಯ.

ಜಾಗ ಗೊತ್ತಾದರೆ ಲೂರ್ ಕಷ್ಟವಲ್ಲ. ಜೊಂಡು, ನೆರಳು ಇದ್ದಲ್ಲಿ ಲಾರ್ಜ್‌ಮೌತ್‌ಗೆ ಪ್ಲಾಸ್ಟಿಕ್ ಹುಳು ಸಾಕು. ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿ, ಮುಂದೆ ಗುಂಡಿನಾಕಾರದ ತೂಕ ಪೋಣಿಸುತ್ತಾರೆ. ಇದಕ್ಕೆ ಟೆಕ್ಸಾಸ್ ರಿಗ್ ಎನ್ನುತ್ತಾರೆ, ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಬಣ್ಣ ಕಡು ನೇರಳೆಯದಿರಲಿ. ತಳ ಮುಟ್ಟಲು ಬಿಡಿ, ಮೆಲ್ಲಗೆ ಎತ್ತಿ, ಮತ್ತೆ ಬಿಡಿ. ಪಾಚಿ ಹಾಸಿದ ಕಡೆ ರಬ್ಬರ್ ಕಪ್ಪೆ. ಈ ಕಪ್ಪೆಗೆ ಒಮ್ಮೊಮ್ಮೆ ನಮ್ಮ ಕೊರವ ಮೀನಿನ ಬಳಗದ ಸ್ನೇಕ್‌ಹೆಡ್ ಕೂಡ ಹಾರಿ ಬೀಳುತ್ತದೆ. ಏಷ್ಯಾದಿಂದ ಬಂದ ಈ ಮೀನು 2000ರಲ್ಲಿ ಬ್ರೋವರ್ಡ್‌ನಲ್ಲೇ ಕಾಣಿಸಿಕೊಂಡಿತು. ಅದನ್ನು ಜೀವಂತ ಇಟ್ಟುಕೊಳ್ಳುವುದು ಅಪರಾಧ. ಮೊದಲ ಸಲ ನೋಡಿದಾಗ ನನಗೆ ಊರಿನವರೇ ಸಿಕ್ಕಷ್ಟು ಖುಷಿಯಾಯಿತು.

ಪೀಕಾಕ್‌ಗೆ ಹುಳು ಕಟ್ಟಿದರೆ ಹೊತ್ತು ಹಾಳು. ಅದಕ್ಕೆ ಓಡುವ ಮೀನೇ ಬೇಕು. ಬೆರಳುದ್ದದ, ಬೆಳ್ಳಿ ಬಣ್ಣದ, ಮರಿಮೀನಿನಾಕಾರದ ಮಿನ್ನೋ ಲೂರ್ ಕಟ್ಟಿ, ಬಿಸಿಲೇರಿದ ಮೇಲೆ, ತಿಳಿನೀರಿನಲ್ಲಿ, ಚುರುಕಾಗಿ ಎಳೆಯಿರಿ. ನಿಧಾನಿಸಿದರೆ ಹಿಂದೆ ಬಂದು ನೋಡಿ ಹೋಗುತ್ತದೆ. ಈ ಬಗೆಯ ಲೂರಿನ ಹಿರಿಯ ಫಿನ್‌ಲ್ಯಾಂಡಿನ ಮೀನುಗಾರ ಲೌರಿ ರಾಪಾಲಾ. ಗಾಯಗೊಂಡು ಓಲಾಡುವ ಮರಿಮೀನಿನ ಮೇಲೆಯೇ ದೊಡ್ಡ ಮೀನು ಎರಗುವುದನ್ನು ಗಮನಿಸಿ, 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟ್ ಸುತ್ತುವ ಹಾಳೆ ಅಂಟಿಸಿ ಮೊದಲನೆಯದನ್ನು ಮಾಡಿದ. ಅಳಿಯನ ಪೆಟ್ಟಿಗೆಯಲ್ಲಿ ನಾನು ಗೌರವ ಕೊಡುವುದು ಅದೊಂದಕ್ಕೇ.

ಬರುವುದಾದರೆ ಮಾರ್ಚ್‌ನಿಂದ ಮೇ ನಡುವೆ ಬನ್ನಿ. ಮಳೆಯಿಲ್ಲದೆ ಎವರ್‌ಗ್ಲೇಡ್ಸ್‌ನ ಜೌಗು ಇಳಿದಾಗ, ಅಲ್ಲಿ ಚದುರಿದ್ದ ಮೀನೆಲ್ಲ ಪಕ್ಕದ ನಾಲೆಗಳಿಗೆ ಬಂದು ಸೇರುತ್ತದೆ. 65 ದಾಟಿದ ಇಲ್ಲಿನ ನಿವಾಸಿಗಳಿಗೆ ಲೈಸೆನ್ಸ್ ಬೇಡ, ಆದರೆ ನನ್ನಂತೆ ಹೊರಗಿನಿಂದ ಬಂದ ಮುದುಕರು ತೆಗೆಸಲೇಬೇಕು. ದಂಡೆಯಲ್ಲಿ ಮೊಸಳೆ ಜಾತಿಯ ಅಲಿಗೇಟರ್‌ಗಳಿರುತ್ತವೆ. ನೀರಂಚಿನಲ್ಲಿ ಕುಕ್ಕರುಗಾಲಲ್ಲಿ ಕೂರಬೇಡಿ, ಅವಕ್ಕೆ ಮೀನು ಎಸೆಯಬೇಡಿ, ಅದು ಕಾನೂನಿಗೂ ವಿರುದ್ಧ. ಹಿಡಿದ ಬಾಸನ್ನು ಸಾರಿಗೆ ಹಾಕುವ ಆಸೆಯನ್ನೂ ಬಿಡಿ. ಎವರ್‌ಗ್ಲೇಡ್ಸ್ ನೀರಿನ ಮೀನಿನಲ್ಲಿ ಪಾದರಸ ಸೇರಿದೆಯೆಂದು ರಾಜ್ಯದ ಆರೋಗ್ಯ ಇಲಾಖೆಯೇ ಎಚ್ಚರಿಸಿದೆ. ಮಕ್ಕಳಿಗೆ, ಬಸುರಿಯರಿಗೆ ಅದನ್ನು ಬಡಿಸಲೇಬೇಡಿ.