ಕಿಟಕಿ ಮುಚ್ಚಿದರೂ ಬರುವ ಧೂಳು

ಬೆಳಗಿನ ಹೊತ್ತು ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲೊಂದು ನಡುಮನೆಗೆ ಇಳಿಯುವುದನ್ನು ನೋಡದವರು ವಿರಳ. ಆ ಕೋಲಿನೊಳಗೆ ಸಾವಿರಾರು ಕಣಗಳು ಏಳುತ್ತ ಬೀಳುತ್ತ ತೇಲುತ್ತಿರುತ್ತವೆ. ಇಂಥ ಕಣವನ್ನು ಮನುಸ್ಮೃತಿಯು ತ್ರಸರೇಣುವೆಂದು ಕರೆದು, ತೂಕದ ಅಳತೆಗಳಲ್ಲೆಲ್ಲ ಅದನ್ನೇ ಮೊದಲನೆಯದೆಂದು ಎಣಿಸಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಎಂಬ ಭೌತವಿಜ್ಞಾನಿ ಇದೇ ಕಣಗಳನ್ನು ಉರಿಯ ಮೂಲಕ ಹಾಯಿಸಿದಾಗ, ಬೆಳಕಿನ ಕೋಲು ಅಲ್ಲಿ ಕಪ್ಪಾಗಿ ಕಂಡಿತು. ತೇಲುವ ಧೂಳಿನ ಬಹುಭಾಗ ಸುಡುವಂಥದು, ಎಂದರೆ ಜೀವಮೂಲದ್ದು, ಎಂದು ಅವನು 1870ರಲ್ಲಿ ಸಭಿಕರ ಮುಂದೆ ವಿವರಿಸಿದನು.

ಈ ಧೂಳು ಬರುವುದಾದರೂ ಎಲ್ಲಿಂದ? ಈ ಪ್ರಶ್ನೆಯು ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿಯೇ ಎದ್ದು, ಕೆಲಸದಾಕೆಯ ಅನ್ನಕ್ಕೆ ಸಂಚಕಾರ ತರುವವರೆಗೆ ಬೆಳೆಯಿತು.

ನಮ್ಮದು ಮೈಸೂರಿನ ಚಾಮರಾಜಪುರಂನಲ್ಲಿರುವ ಹಳೆಯ ಮನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಈ ಊರನ್ನು ಹಿಂಡಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿಯ ಮಂಡಲಿಯೊಂದು ಏರ್ಪಟ್ಟು, ಇಕ್ಕಟ್ಟಾದ ಕೇರಿಗಳಿಗೆ ಬದಲಾಗಿ ಗಾಳಿ ಬೆಳಕುಗಳುಳ್ಳ ಬಡಾವಣೆಗಳು ಬೆಳೆದವು. ಅಂಥ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ರೀಪು ಮತ್ತು ಜಂತೆ, ಅದರ ಕೆಳಗೆ ಕತ್ತಲೆಯ ಅಟ್ಟ, ಅಟ್ಟಕ್ಕೂ ಕೋಣೆಗೂ ನಡುವೆ ಹಲಗೆಯ ಮುಚ್ಚಿಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಸತೊಡಗಿದ ಈ ಹೆಂಚು ಒಂದರೊಳಗೊಂದು ಕಚ್ಚಿಕೊಂಡು ಮಳೆಯನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಅದು ತಡೆಯಬೇಕಾಗಿಯೂ ಇಲ್ಲ. ಬೇಸಗೆಯಲ್ಲಿ ಅಟ್ಟದ ಸೆಕೆ ಹೊರಹೋಗುವುದು ಆ ಸಂದುಗಳಿಂದಲೇ.

ಕಾರ್ತಿಕದಲ್ಲಿ ಮನೆಯ ಮುಂದಿನ ರಸ್ತೆಯನ್ನು ಕೊಳವೆಗಾಗಿ ಅಗೆದರು. ನಮ್ಮ ತಾಯಿಯವರಿಗೆ ಉಬ್ಬಸವಿರುವುದರಿಂದ ಹಗಲೂ ರಾತ್ರಿಯೂ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದೆವು. ಆದರೆ ಧೂಳು ಕಡಮೆಯಾಗುವ ಬದಲು ಹೆಚ್ಚಿತು! ಪ್ರತಿದಿನವೂ ಬೆಳಗಾಗುವಷ್ಟರಲ್ಲಿ ಬರೆಯುವ ಮೇಜಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವಷ್ಟು ಪುಡಿ. ಸರಿಯಾಗಿ ಗುಡಿಸುವುದಿಲ್ಲವೆಂಬ ಆರೋಪ ಕೆಲಸದಾಕೆಯ ಮೇಲೆ ಬಂದಿತು. “ನಾನು ಗುಡಿಸಿ ಒರೆಸಿ ಹೋಗಿರ್ತೀನಿ ಅಮ್ಮಾವ್ರೇ, ಮೇಲಿಂದ ಬಿದ್ರೆ ನಾನೇನು ಮಾಡ್ಲಿ?” ಎಂದು ಆಕೆ ಎರಡು ಮೂರು ಸಲ ಹೇಳಿದಳು. ಯಾರೂ ಕಿವಿಗೊಡಲಿಲ್ಲ. ವಿಜ್ಞಾನವನ್ನು ಕುರಿತು ಬರೆಯುವ ನಾವೂ ಕಿವಿಗೊಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬೇರೆ ಆಳನ್ನು ನೋಡುವ ಮಾತು ಬಂದಾಗ ಮಾತ್ರ, ಪರೀಕ್ಷಿಸದೆ ತೀರ್ಪು ಕೊಡುವುದು ಸಲ್ಲದೆಂದು ನಮಗೆ ತೋರಿತು.

ನಾಲ್ಕು ಗಾಜಿನ ತುಂಡುಗಳಿಗೆ ತೆಳ್ಳಗೆ ಹರಳೆಣ್ಣೆ ಸವರಿ, ಒಂದನ್ನು ರಸ್ತೆಯ ಕಡೆಯ ಕಿಟಕಿಯ ಒಳಗಟ್ಟೆಯ ಮೇಲೆ, ಒಂದನ್ನು ಬರೆಯುವ ಮೇಜಿನ ಮೇಲೆ, ಒಂದನ್ನು ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ಮುಚ್ಚಿದ ಬೀರುವಿನಲ್ಲಿ ಮೂರು ರಾತ್ರಿ ಇರಿಸಿದೆವು. ಭೂತಗನ್ನಡಿಯಲ್ಲಿ ನೋಡಿದಾಗ ಬೀರುವಿನ ಗಾಜು ಬಹುಮಟ್ಟಿಗೆ ಶುಭ್ರವಾಗಿಯೇ ಇದ್ದಿತು. ಕಿಟಕಿಯ ಬಳಿಯದರಲ್ಲಿ ಅಲ್ಪಸ್ವಲ್ಪ. ಕಿಟಕಿಯಿಂದ ಆರಡಿ ದೂರದಲ್ಲಿದ್ದ ಮೇಜಿನ ಗಾಜು ಮಾತ್ರ ಕಣಗಳಿಂದ ಕಿಕ್ಕಿರಿದಿದ್ದಿತು. ರಸ್ತೆಯ ಧೂಳೇ ಆಗಿದ್ದರೆ ಲೆಕ್ಕ ತಿರುವುಮುರುವಾಗಬೇಕಾಗಿತ್ತಷ್ಟೆ! ತಲೆಯೆತ್ತಿ ನೋಡಿದರೆ ಮೇಜಿನ ನೇರಕ್ಕೆ ಮುಚ್ಚಿಗೆಯ ಎರಡು ಹಲಗೆಗಳ ಸಂದು; ಸುಣ್ಣ ಬಳಿದ ಹಲಗೆಯ ಅಂಚಿನುದ್ದಕ್ಕೂ ಕಪ್ಪು ಗೆರೆ. ಕಿರಿದಾದ ಸಂದಿನಲ್ಲಿ ಗಾಳಿ ನುಸುಳುವಾಗ ಅದರ ಮಸಿಯು ಅಂಚಿಗೆ ಅಂಟಿ ಇಂಥ ಗೆರೆ ಮೂಡುವುದುಂಟು. ವರ್ಷಗಳಿಂದ ಅದು ಅಲ್ಲಿಯೇ ಇದ್ದಿತು.

ಮೇಜಿನ ಪುಡಿಯನ್ನು ಬಟ್ಟಲಿನ ನೀರಿಗೆ ಉದುರಿಸಿದೆವು. ಕೆಂಪು ಕಣಗಳು ತಳಕ್ಕಿಳಿದವು. ಅವು ಹೆಂಚಿನ ಪುಡಿಯೋ ರಸ್ತೆಯ ಕೆಮ್ಮಣ್ಣೋ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಆದರೆ ನೀರಿನ ಮೇಲೆ ಗೋಧಿಹಿಟ್ಟಿನ ಬಣ್ಣದ ನಯವಾದ ಪುಡಿಯೊಂದು ತೇಲಿತು; ಅದು ರೀಪುಗಳನ್ನು ಕೊರೆಯುವ ಕುಟ್ಟೆಹುಳುವಿನ ಕೃಷಿ. ತೇಗದ ಕೆಚ್ಚಿಗೆ ಬಾಯಿಹಾಕದ ಈ ಹುಳು ಅಗ್ಗದ ಮರದ ಬೆಳ್ಪನ್ನೂ ಬಿದಿರನ್ನೂ ಒಳಗೊಳಗೇ ಹಿಟ್ಟು ಮಾಡುತ್ತದೆ. ಬಟ್ಟಲಿನ ಅಂಚಿಗೆ ಕರಿಯ ಜಿಡ್ಡು ಅಂಟಿಕೊಂಡಿತು. ಅದು ಸೌದೆಯ ಒಲೆಯ ಕಾಲದಿಂದ ಅಟ್ಟದಲ್ಲಿ ಕೂಡಿಬಂದ ಇಲ್ಲಣ. ಅಜ್ಜಿಯ ಕಾಲದ ಹೊಗೆ ಮೊಮ್ಮಕ್ಕಳ ಮೇಜಿಗೆ ಇಳಿಯುತ್ತಿದ್ದಿತೆಂದಾಯಿತು. ಒಣಗಿದ ಪುಡಿಯ ಮೇಲೆ ನಿಂಬೆಯ ರಸ ಬಿಟ್ಟಾಗ ಕೆಲವು ಬಿಳಿಯ ಕಣಗಳು ನೊರೆಯೆದ್ದು ತಾವು ಸುಣ್ಣದ ಗಾರೆಯೆಂದು ಸಾರಿದವು. ಏಣಿ ಹತ್ತಿ ಅಟ್ಟದಿಂದ ಒಂದು ಚಿಟಿಕೆ ತಂದು ನೋಡಿದರೆ ಇದೇ ಬೆರಕೆ. ರಸ್ತೆಯ ಮಣ್ಣಿನಲ್ಲಿ ಮರದ ಹಿಟ್ಟಾಗಲಿ ಇಲ್ಲಣವಾಗಲಿ ಕಾಣಲಿಲ್ಲ.

ಮನೆ ಕಟ್ಟಿದಂದಿನಿಂದಲೂ ಅಟ್ಟ ಅಲ್ಲಿಯೇ ಇದ್ದುದಷ್ಟೆ. ಹಾಗಾದರೆ ಈ ವರ್ಷವೇ ಅದು ಹೀಗೇಕೆ ಸುರಿಯಬೇಕು? ಇದಕ್ಕೆ ಉತ್ತರ ಕೊಟ್ಟುದು ಊದುಬತ್ತಿ. ಮೈಸೂರಿನಲ್ಲಿ ಅದಕ್ಕೇನು ಬರವೆ? ಮಧ್ಯಾಹ್ನ ಎರಡು ಗಂಟೆಗೆ ಹೊಗೆಯನ್ನು ಸಂದಿನ ಬಳಿ ಹಿಡಿದಾಗ ಅದು ಮೇಲಕ್ಕೆ ಹೀರಿಕೊಂಡು ಹೋಯಿತು. ಹೆಂಚು ಕಾದು ಅಟ್ಟದ ಗಾಳಿ ಹಗುರಾಗಿ ಹೊರಬೀಳುತ್ತಿದ್ದುದೇ ಕಾರಣ. ರಾತ್ರಿ ಒಂಬತ್ತಕ್ಕೆ, ಹೆಂಚು ಆರಿ ಅಟ್ಟದ ಗಾಳಿ ತಂಪಾಗಿ ಭಾರವಾದಾಗ, ಹೊಗೆ ತುಸು ಕೆಳಕ್ಕೆ ಬಾಗಿತು. ಆಮೇಲೆ ಅಡಿಗೆಮನೆಯ ಗಾಳಿ ಹೊರದೂಡುವ ಫ್ಯಾನನ್ನು ಹಾಕಿದೆವು. ಹೊಗೆಯು ಯಾರೋ ಮೇಲಿನಿಂದ ಊದಿದಂತೆ ಸಂದಿನಿಂದ ಕೆಳಕ್ಕೆ ನೂಕಲ್ಪಟ್ಟಿತು! ಹಜಾರದ ಬಾಗಿಲು ತೆರೆದೊಡನೆ ಆ ನೂಕು ನಿಂತಿತು.

ಆ ಫ್ಯಾನನ್ನು ಹಾಕಿಸಿದ್ದು ಅದೇ ದೀಪಾವಳಿಯಲ್ಲಿ. ಇಂಥ ಚಿಕ್ಕ ಫ್ಯಾನು ಗಂಟೆಗೆ ಹಲವು ನೂರು ಘನ ಮೀಟರ್ ಗಾಳಿಯನ್ನು ಹೊರಗೆಸೆಯಬಲ್ಲುದು. ಅಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಕಿಟಕಿ ತೆರೆದಿದ್ದರೆ ಅಲ್ಲಿಂದ. ಮುಚ್ಚಿದ್ದರೆ ಮುಚ್ಚಿಗೆಯ ಸಂದಿನಿಂದ. ಮೈಸೂರಿನ ಎತ್ತರದಲ್ಲಿ ವಾಯುಮಂಡಲದ ಒತ್ತಡ ಸುಮಾರು 92,000 ಪ್ಯಾಸ್ಕಲ್; ಅದರಲ್ಲಿ ಕೆಲವೇ ಪ್ಯಾಸ್ಕಲ್ ವ್ಯತ್ಯಾಸವಾದರೂ ಈ ಕೆಲಸಕ್ಕೆ ಸಾಕು. ರಸ್ತೆಯ ಧೂಳಿಗೆ ಹೆದರಿ ಕಿಟಕಿ ಮುಚ್ಚಿದ ನಾವು ಅಟ್ಟದ ಬಾಗಿಲನ್ನು ತೆರೆದಂತಾಗಿದ್ದಿತು.

ಇಲ್ಲಿ ಕಣದ ಗಾತ್ರವನ್ನು ಗಮನಿಸಬೇಕು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನೀರಿನಷ್ಟು ಸಾಂದ್ರತೆಯುಳ್ಳ 10 ಮೈಕ್ರಾನಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಮೂರು ಮೀಟರ್ ಇಳಿಯಲು ಕಾಲುಗಂಟೆ ಬೇಕು. 1 ಮೈಕ್ರಾನಿನದಕ್ಕೆ ಹೆಚ್ಚುಕಡಮೆ ಒಂದು ಹಗಲೂ ಒಂದು ರಾತ್ರಿಯೂ ಬೇಕು. ದಪ್ಪ ಕಣ ಮೇಜಿನ ಮೇಲೆ ಬೀಳುತ್ತದೆ, ಒರೆಸಿದರೆ ಹೋಗುತ್ತದೆ. ಸಣ್ಣದು ಗಾಳಿಯೊಡನೆ ಅಲೆದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುದು; ಉಬ್ಬಸದವರಿಗೆ ಕಾಟ ಅದರದೇ. ಹಾಗೆಂದು ಎಲ್ಲ ಅಪರಾಧವನ್ನೂ ಅಟ್ಟದ ಮೇಲೆ ಹೊರಿಸಲಾಗದು. ನೆದರ್‌ಲೆಂಡ್ಸಿನ ವೂರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಎಂಬ ಸಂಶೋಧಕರು 1964ರಲ್ಲಿ ಮನೆಯ ಧೂಳಿನ ಅಲರ್ಜಿಗೆ ಹಾಸಿಗೆಗಳಲ್ಲಿ ವಾಸಿಸುವ ನುಸಿಯೊಂದು ಮುಖ್ಯ ಕಾರಣವೆಂದು ತೋರಿಸಿದರು. ಆದಕಾರಣ ತಾಯಿಯವರ ಹಾಸಿಗೆ ದಿಂಬುಗಳೂ ಬಿಸಿಲು ಕಂಡವು, ವೈದ್ಯರ ಔಷಧವೂ ಮುಂದುವರಿಯಿತು.

ಚಳಿದೇಶಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ನಡೆಯುತ್ತದೆ. ಅಲ್ಲಿ ಮನೆ ಬೆಚ್ಚಗಿರಲೆಂದು ಅಟ್ಟದಲ್ಲಿ ಗಾಜಿನ ಉಣ್ಣೆ ಹಾಸುತ್ತಾರೆ. ಅದರ ನಡುವೆ ಗಾಳಿ ಸಾಗಿಸುವ ತಗಡಿನ ಕೊಳವೆಗಳಿರುತ್ತವೆ. ಗಾಳಿಯನ್ನು ಹಿಂದಕ್ಕೆಳೆಯುವ ಕೊಳವೆಯ ಬೆಸುಗೆ ಬಿಟ್ಟರೆ ಅಟ್ಟದ ಧೂಳೂ ಎಳೆಗಳೂ ಕೋಣೆಗೆ ಹಂಚಿಹೋಗುತ್ತವೆ. ನಮ್ಮ ಊರಿನ ಹೊಸ ಕಚೇರಿಗಳಲ್ಲಿ ಸುಳ್ಳು ಮುಚ್ಚಿಗೆಯ ಮೇಲಿನ ಜಾಗವೂ ಇಂಥದೇ ಒಂದು ಅಟ್ಟ.

ಪರಿಹಾರಕ್ಕೆ ಹೆಚ್ಚು ಖರ್ಚಾಗಲಿಲ್ಲ. ಫ್ಯಾನು ತಿರುಗುವಾಗ ಅಡಿಗೆಮನೆಯ ಕಿಟಕಿಯನ್ನು, ಸೊಳ್ಳೆಯ ಬಲೆ ಕಟ್ಟಿ, ತೆರೆದಿಡುತ್ತೇವೆ. ಸಂದುಗಳಿಗೆ ಮೊದಲು ಹಳೆಯ ವೃತ್ತಪತ್ರಿಕೆ ತುರುಕಿದ್ದೆವು. ಅದು ಇಲಿಯ ಸಂಸಾರಕ್ಕೆ ಅನುಕೂಲವಾಯಿತೇ ಹೊರತು ನಮಗಲ್ಲ. ಆಮೇಲೆ ಬಡಗಿಯು ಮರದ ಪಟ್ಟಿ ಹೊಡೆದು ಅಂಚಿಗೆ ಪುಟ್ಟಿ ಹಚ್ಚಿದನು. ಕುಟ್ಟೆ ಹಿಡಿದ ರೀಪುಗಳನ್ನು ಬದಲಿಸಿ, ಉಳಿದವಕ್ಕೆ ಬೊರಾಕ್ಸಿನ ದ್ರಾವಣ ಬಳಿಸಿದೆವು. ಅಟ್ಟದ ಗವಾಕ್ಷಿಗಳನ್ನು ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ಸೆಕೆಯೂ ತೇವವೂ ಸೇರಿ ಮರ ಇನ್ನಷ್ಟು ಕೆಡುತ್ತದೆ. ಅಟ್ಟವನ್ನು ಗುಡಿಸುವವರು ಮೂಗು ಬಾಯಿಗಳನ್ನು ಮುಚ್ಚುವ ಒಳ್ಳೆಯ ಮುಖಗವಸು ಧರಿಸಬೇಕು. ಒಣಪೊರಕೆಗಿಂತ ಒದ್ದೆಬಟ್ಟೆ ಲೇಸು. ಮುಚ್ಚಿಗೆಯಾಗಲಿ ಮಾಡಾಗಲಿ ಕಲ್ನಾರಿನ ಶೀಟಿನದಾಗಿದ್ದರೆ ಅದನ್ನು ಕೆರೆಯುವುದಾಗಲಿ ಕೊರೆಯುವುದಾಗಲಿ ಕೂಡದು. ಅದರ ಎಳೆಗಳು ಶ್ವಾಸಕೋಶದಲ್ಲಿ ನಾಟಿ, ಹಲವು ದಶಕಗಳ ತರುವಾಯವೂ ಕ್ಯಾನ್ಸರಿಗೆ ಕಾರಣವಾಗಬಲ್ಲವು.

ಮತ್ತೆ ಮೂರು ರಾತ್ರಿ ಗಾಜುಗಳನ್ನಿಟ್ಟು ನೋಡಿದೆವು. ಮೇಜಿನ ಗಾಜಿಗೂ ಮಲಗುವ ಕೋಣೆಯದಕ್ಕೂ ಹೆಚ್ಚಿನ ಅಂತರ ಉಳಿದಿರಲಿಲ್ಲ; ಕಂಡದ್ದು ಬಟ್ಟೆಯ ನೂಲು, ಚರ್ಮದ ಹೊಟ್ಟು, ಒಂದೆರಡು ಕೆಂಪು ಕಣ. ತಾಯಿಯವರು ಕೆಲಸದಾಕೆಯನ್ನು ಕರೆದು, “ನೀನು ಹೇಳಿದ್ದೇ ಸರಿ ಕಣಮ್ಮ” ಎಂದರು. ಆ ಗಾಜು ಈಗಲೂ ಮೇಜಿನ ಮೇಲಿದೆ. ಬೆಳಗ್ಗೆ ಬಂದವಳು ಪೊರಕೆ ಹಿಡಿಯುವ ಮುನ್ನ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಾಳೆ.