ಹಿಂಬಾಗಿಲಿನ ಬೀಗ

ಪುಲಿಕೇಶಿನಗರದಿಂದ ಕೆಲವೇ ಮೈಲಿ ದೂರದ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ಏಳಂತಸ್ತಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದೊಳಗೆ 2010ರ ಫೆಬ್ರವರಿ 23ರಂದು ಎದ್ದ ಬೆಂಕಿ ಒಂಬತ್ತು ಮಂದಿಯನ್ನು ಬಲಿ ತೆಗೆದುಕೊಂಡಿತು. ಹೊಗೆಯನ್ನು ತಾಳಲಾರದೆ ಕಿಟಕಿಯಿಂದ ಹಾರಿದವರೂ ಉಂಟು. ತುರ್ತುದ್ವಾರಗಳಿಗೆ ಬೀಗ ಬಿದ್ದಿತ್ತೆಂದು ಅಂದು ಪತ್ರಿಕೆಗಳು ಬರೆದವು.

ಬೀಗ ಹಾಕುವವನು ದುಷ್ಟನಲ್ಲ. ಅವನಿಗಿರುವುದು ಕಳ್ಳರ ಭಯ. ಕಳ್ಳರು ದಿನವೂ ಬರಬಹುದು, ಬೆಂಕಿ ಎಂದೋ ಒಮ್ಮೆ! ಈ ಲೆಕ್ಕವನ್ನು ತಿದ್ದಬೇಕಾದವನು ಕಚೇರಿಯ ಮುಖ್ಯಸ್ಥ. ಗೋಡೆಗೆ ಫಲಕ ತೂಗುಹಾಕಿದರೆ ಸಾಲದು. ಬೆಳಿಗ್ಗೆ ಕುರ್ಚಿಯಲ್ಲಿ ಕೂರುವ ಮೊದಲು ಹಿಂದಿನ ಮೆಟ್ಟಿಲಿಳಿದು ಬಾಗಿಲನ್ನು ತಾನೇ ತಳ್ಳಿ ನೋಡಲಿ. ಮೆಟ್ಟಿಲ ಮೇಲೆ ಹಳೆಯ ಕಡತಗಳ ರಾಶಿಯಿದ್ದರೆ ತೆಗೆಸಲಿ. ಅದನ್ನು ಮೊದಲು ತೋರಿಸಿಕೊಟ್ಟ ಜವಾನನನ್ನು ಗದರಿಸದಿರಲಿ.

ಈ ಸಂಜೆ ಕಚೇರಿಯಿಂದ ಮರಳುವ ಪತಿಯನ್ನೋ ಮಗಳನ್ನೋ ಕೇಳಿ ನೋಡಿ: ಅಲ್ಲಿಯ ಹಿಂಬಾಗಿಲಿನ ಬೀಗದ ಕೈ ಯಾರ ಬಳಿ ಇದೆ?